ಕೋಡಿಯ ಮರಳಿನಲ್ಲಿ ಆಮೆ ಕಾಯುವವರು

ಕಡಲಾಮೆ ರಾತ್ರಿ ದಡ ಹತ್ತಿ ಇಳಿದ ಗುರುತನ್ನು ಓದಬೇಕೆಂದರೆ ಬಿಸಿಲು ತೆಂಗಿನ ತೋಟ ದಾಟಿ ಬರುವ ಮೊದಲೇ ಮರಳಿನ ಮೇಲಿರಬೇಕು. ಆ ಹೊತ್ತಿನ ಓರೆ ಬೆಳಕಿನಲ್ಲಿ ಪ್ರತಿ ಗೀರಿಗೂ ನೆರಳಿರುತ್ತದೆ. ಆಲಿವ್ ರಿಡ್ಲೆ ಆಮೆ ಎಡ, ಬಲ ಎಂದು ಒಂದಾದ ಮೇಲೊಂದು ಕಾಲು ಹಾಕಿ ತೆವಳುತ್ತದೆ. ಹಾಗಾಗಿ ಎರಡೂ ಬದಿಯ ಗುರುತುಗಳು ಎದುರುಬದುರಾಗಿ ಕೂಡುವುದಿಲ್ಲ, ಒಂದು ಮುಂದೆ ಬಿದ್ದರೆ ಇನ್ನೊಂದು ಸ್ವಲ್ಪ ಹಿಂದೆ. ಹಸಿರಾಮೆಯಾದರೆ ಎರಡೂ ಮುಂಗಾಲುಗಳನ್ನು ಒಟ್ಟಿಗೆ ಎಳೆಯುತ್ತದೆ, ಜಾಡೂ ಆಳ. ರಿಡ್ಲೆಯದ್ದು ಮುಕ್ಕಾಲು ಮೀಟರಿನಷ್ಟು ಅಗಲದ ಹಗುರ ಜಾಡು. ಗಾಳಿ ಎದ್ದ ರಾತ್ರಿಗಳಲ್ಲಿ ಬೆಳಗಾಗುವುದರೊಳಗೆ ಅದು ಅರ್ಧ ಮುಚ್ಚಿಯೇ ಹೋಗಿರುತ್ತದೆ.

ಹತ್ತಿದ ಜಾಡು ಒಂದು, ಇಳಿದ ಜಾಡು ಒಂದು. ಎರಡೂ ಎಲ್ಲಿ ಸಂಧಿಸುತ್ತವೆಯೋ ಅಲ್ಲಿ ಮರಳು ಎರಚಾಡಿ ಕಲಸಿಹೋಗಿದ್ದರೆ ಮೊಟ್ಟೆ ಇದೆ ಎನ್ನಬಹುದು. ಎರಚಾಟವಿಲ್ಲದೆ ಬರೀ ತಿರುವು ಇದ್ದರೆ ಆಮೆ ಯಾವುದಕ್ಕೋ ಬೆದರಿ ಹಾಗೆಯೇ ವಾಪಸಾಗಿದೆ. ಯಾರದೋ ಟಾರ್ಚು, ಬೈಕಿನ ಹೆಡ್‌ಲೈಟು, ಕಾಲಿಗೆ ಸಿಕ್ಕ ಬಲೆಯ ತುಂಡು, ಏನು ಬೇಕಾದರೂ ಆಗಿರಬಹುದು. ಮೊಟ್ಟೆ ಇಡದೆ ತಿರುಗಿದ ಜಾಡನ್ನೂ ಕೋಡಿಯಲ್ಲಿ ಆಮೆ ಕಾಯುವವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದು ಆ ಬರವಣಿಗೆಯನ್ನು ನೋಡಿ.

ಕುಂದಾಪುರದ ಕೋಡಿ ಎಂದರೆ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಪಂಚಗಂಗಾವಳಿಯ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆಗಳು ಕೂಡಿಕೊಂಡು ಗಂಗೊಳ್ಳಿಯ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತವೆ. ಅಳಿವೆಯ ಬಾಯಿಗೆ ಕಲ್ಲಿನ ಬ್ರೇಕ್‌ವಾಟರ್ ಚಾಚಿಕೊಂಡಿದೆ, ಅದರ ತೆಂಕಕ್ಕೆ ಉದ್ದಕ್ಕೂ ಮರಳು. ಉಬ್ಬರದ ಗೆರೆಯಿಂದ ಮೇಲೆ ಅಡುಂಬು ಬಳ್ಳಿ ಹಬ್ಬಿದೆ, ನೇರಳೆ ಹೂ. ಅಲ್ಲಲ್ಲಿ ರಾವಣನ ಮೀಸೆಯ ಮುಳ್ಳುಚೆಂಡು ಗಾಳಿಗೆ ಉರುಳುತ್ತಿರುತ್ತದೆ. ಆಮೆ ಗೂಡಿಗೆ ಆರಿಸಿಕೊಳ್ಳುವುದು ಹೆಚ್ಚಾಗಿ ಈ ಬಳ್ಳಿಯ ಅಂಚನ್ನೇ. ಅಲ್ಲಿಗೆ ಉಬ್ಬರದ ನೀರು ಮುಟ್ಟುವುದಿಲ್ಲ, ಆದರೆ ಒಳಗಿನ ಮರಳಿಗೆ ಹಸಿ ಇರುತ್ತದೆ.

ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಇದೇ ಆಮೆ ಲಕ್ಷಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆ ಇಡುತ್ತದೆ. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಇಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಒಂದೊಂದಾಗಿ, ಗೊತ್ತಿಲ್ಲದ ರಾತ್ರಿ ಗೊತ್ತಿಲ್ಲದ ಜಾಗದಲ್ಲಿ ಹತ್ತುತ್ತದೆ. ಗಹಿರ್‌ಮಾಥಾದಲ್ಲಿ ದಡ ಯಾವುದೆಂದು ಗೊತ್ತು, ಕಾವಲು ಹಾಕಬಹುದು. ಕಾರವಾರದಿಂದ ಉಳ್ಳಾಲದವರೆಗಿನ ಮುನ್ನೂರು ಕಿಲೋಮೀಟರ್ ಕರಾವಳಿಯಲ್ಲಿ ಒಂಟಿ ಆಮೆ ಎಲ್ಲಿ ಹತ್ತೀತೆಂದು ಯಾವ ಇಲಾಖೆ ಕಾದೀತು? ಆ ಹೊತ್ತಿನಲ್ಲಿ ದಡದಲ್ಲಿ ಇರುವವರೇ ನೋಡಬೇಕು, ಅಂದರೆ ನಸುಕಿಗೆ ನಾಡದೋಣಿ ತಳ್ಳುವವರು, ಕೈರಂಪಣಿ ಬಲೆ ಎಳೆಯುವವರು. ಸಣ್ಣ ಸಂಸ್ಥೆಯೊಂದು ಊರಿನ ಒಳಗೇ ಬೇರೂರಬೇಕಾದ ಕಾರಣ ಇದೇ. ದೊಡ್ಡ ಹಣ, ದೊಡ್ಡ ಯೋಜನೆಗಳಿಂದ ಈ ಕೆಲಸ ನಡೆಯುವುದಿಲ್ಲ, ಬೆಳಗಿನ ಜಾವದ ಒಂದು ಫೋನಿನಿಂದ ನಡೆಯುತ್ತದೆ.

ಕುಂದಾಪುರದಲ್ಲಿ ಆ ಫೋನು ಬರುವ ಹಾಗೆ ಮಾಡಿದವರಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆಯವರು ಮುಖ್ಯರು. ಕಡಲಾಮೆಯ ಕೆಲಸ ಹಿಡಿದು ಅವರು ಮೀನುಗಾರರ ಕೇರಿಗಳಲ್ಲಿ ವರ್ಷಗಟ್ಟಲೆ ಓಡಾಡಿದರು, ಗೂಡು ತೋರಿಸಿದವರಿಗೆ ಒಂದಿಷ್ಟು ಗೌರವಧನ ಕೊಟ್ಟರು. ಈಚಿನ ವರ್ಷಗಳಲ್ಲಿ ಕ್ಲೀನ್ ಕುಂದಾಪುರ ಪ್ರಾಜೆಕ್ಟಿನ ಸ್ವಯಂಸೇವಕರು ಬೀಚಿನ ಕಸ ಹೆಕ್ಕಲು ಬಂದು ಆಮೆಯ ಕಾವಲಿಗೂ ಕೈಹಚ್ಚಿದ್ದಾರೆ. ಅರಣ್ಯ ಇಲಾಖೆಯವರು ಜೊತೆಗಿದ್ದಾರೆ, ಇರಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯಾದ್ದರಿಂದ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಮೊಟ್ಟೆಯನ್ನೂ ಮುಟ್ಟುವ ಹಾಗಿಲ್ಲ.

ಮೊದಲೆಲ್ಲ ಮೊಟ್ಟೆ ಅಗೆದು ತಿನ್ನುವುದು, ಮಾರುವುದು ಈ ಕರಾವಳಿಯಲ್ಲಿ ಇತ್ತು. ಇದನ್ನು ಯಾರೂ ಮುಚ್ಚಿಡುವುದಿಲ್ಲ. ಅದೇ ಮನೆಗಳಲ್ಲಿ ಬಲೆಗೆ ಸಿಕ್ಕ ಆಮೆಗೆ ಕೈಮುಗಿದು ನೀರಿಗೆ ಬಿಡುವವರೂ ಇದ್ದರು, ಕೂರ್ಮಾವತಾರ ಅಲ್ಲವೇ. ಎರಡೂ ಒಟ್ಟೊಟ್ಟಿಗೇ ನಡೆಯುತ್ತಿತ್ತು. ಈಗ ಗೂಡು ಹುಡುಕುವುದರಲ್ಲಿ ಅತ್ಯಂತ ಗಟ್ಟಿಗರು ಯಾರೆಂದರೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮೊಟ್ಟೆಗೆ ಹೋಗುತ್ತಿದ್ದವರೇ. ಕೋಲು ಮರಳಿಗೆ ಎಷ್ಟು ಮೆಲ್ಲಗೆ ಊರಬೇಕು, ಸಡಿಲ ಸಿಕ್ಕಿದ ಕೂಡಲೇ ಹೇಗೆ ಕೈ ತಡೆಯಬೇಕು ಎಂಬ ಅವರ ಅಂಗೈಯ ಜ್ಞಾನ ಯಾವ ಕೈಪಿಡಿಯಲ್ಲೂ ಇಲ್ಲ.

ಜನವರಿಯ ಒಂದು ಬೆಳಗ್ಗೆ ನಾನು ನೋಡಿದ ಗೂಡನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂಡಣದಿಂದ ತಣ್ಣನೆಯ ಗಾಳಿ ಸಮುದ್ರದ ಕಡೆಗೆ ಬೀಸುತ್ತಿತ್ತು. "ಹ್ವಾಯ್, ಆಮಿ ಹತ್ತಿ ಇಳ್ದಿತ್ತ್, ಬೇಗ ಬನ್ನಿ" ಎಂದು ಫೋನು ಮಾಡಿದ ಮೀನುಗಾರರು ಜಾಡಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನಾಯಿಗಳನ್ನು ಓಡಿಸುತ್ತಿದ್ದರು. ಎರಚಿದ ಮರಳಿನ ನಡುವೆ ಒಂದು ಜಾಗ ಸಮತಟ್ಟಾಗಿ ಒತ್ತಿಕೊಂಡಿತ್ತು. ಮೊಟ್ಟೆ ಮುಚ್ಚಿದ ಮೇಲೆ ರಿಡ್ಲೆ ತನ್ನ ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ಎದೆಚಿಪ್ಪಿನಿಂದ ದಪ್ ದಪ್ ಎಂದು ಮರಳು ಬಡಿದು ಗಟ್ಟಿ ಮಾಡುತ್ತದೆ. ಆ ಗಟ್ಟಿಯ ಕೆಳಗೆ ಅವರು ಬೆರಳಿನಲ್ಲೇ ಕೆರೆಯುತ್ತ ಹೋದರು. ಮೇಲಿನ ಒಣ ಮರಳು ಬಿಳಿ, ಒಂದು ಗೇಣು ಕೆಳಗೆ ಕಂದು ಹಸಿ. ಮೊಣಕೈ ಮುಳುಗುವ ಹೊತ್ತಿಗೆ ಮೊದಲ ಮೊಟ್ಟೆ ಬೆರಳಿಗೆ ತಾಗಿತು.

ನಾಲ್ಕು ಸೆಂಟಿಮೀಟರಿನಷ್ಟು ಅಡ್ಡಳತೆಯ ಬಿಳಿ ಗುಂಡು. ಕೋಳಿಮೊಟ್ಟೆಯ ಗಡಸು ಇಲ್ಲ, ಒತ್ತಿದರೆ ತಗ್ಗು ಬೀಳುವ ಚರ್ಮದಂಥ ತೊಗಟೆ. ಮೇಲೆ ತೆಳು ಲೋಳೆ, ಅದಕ್ಕೆ ಅಂಟಿದ ಮರಳಿನ ಕಣ. ಆಮೆ ಹಿಂಗಾಲುಗಳಿಂದಲೇ, ಒಮ್ಮೆಯೂ ತಿರುಗಿ ನೋಡದೆ ತೋಡಿದ ಗುಂಡಿ ಅದು. ಬಾಯಿ ಕಿರಿದು, ಒಳಗೆ ಕೊಡದ ಹಾಗೆ ಅಗಲ, ಆಳ ಸುಮಾರು 45 ಸೆಂಟಿಮೀಟರ್. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ.

ಆ ಗೂಡನ್ನು ಅಲ್ಲೇ ಬಿಡುವುದೋ ಬೇರೆಡೆಗೆ ಒಯ್ಯುವುದೋ ಎಂದು ಅರಣ್ಯ ಸಿಬ್ಬಂದಿ ಬಂದ ಮೇಲೆ ಮಾತಾಯಿತು. ಗೂಡು ಉಬ್ಬರದ ಗೆರೆಗೆ ತೀರ ಹತ್ತಿರವಿದ್ದರೆ, ನಾಯಿ ನರಿ ಕಾಟ ವಿಪರೀತವಾಗಿದ್ದರೆ ಮಾತ್ರ ಒಯ್ಯಬೇಕು, ಉಳಿದಂತೆ ಆಮೆ ಆರಿಸಿದ ಜಾಗವೇ ಸರಿ ಎಂಬುದು ಇಲ್ಲಿನ ಹಿರಿಯರ ನಿಲುವು, ನನ್ನದೂ ಅದೇ. ಒಯ್ಯುವುದಾದರೆ ಇಟ್ಟ ಕೆಲವೇ ಗಂಟೆಗಳೊಳಗೆ ಆಗಬೇಕು. ಆಮೇಲೆ ಭ್ರೂಣ ತೊಗಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಮೊಟ್ಟೆ ಹೊರಳಿದರೆ ಕಳಚಿ ಸಾಯುತ್ತದೆ. ಕೋಳಿಮೊಟ್ಟೆಯನ್ನು ಕಾವಿಗೆ ಇಟ್ಟವರು ದಿನಾ ಹೊರಳಿಸುತ್ತಾರೆ, ಇಲ್ಲಿ ಹೊರಳಿಸಿದರೆ ಕೊಂದ ಹಾಗೆ. ಆ ದಿನದ ಗೂಡು ಬಳ್ಳಿಯ ಅಂಚಿನಲ್ಲಿ ಸುರಕ್ಷಿತವಾಗಿತ್ತು. ತೋಡಿದ ಮರಳನ್ನೇ ಹಸಿಯದ್ದು ಕೆಳಗೆ, ಒಣಗಿದ್ದು ಮೇಲೆ ಬರುವಂತೆ ತುಂಬಿದರು. ಸುತ್ತ ಬಲೆ ಬಿಗಿದು ನಾಲ್ಕು ಗೂಟ ಹೊಡೆದು ತಾರೀಕಿನ ಚೀಟಿ ಕಟ್ಟಿದರು.

ಆಮೇಲೆ ಕಾಯುವುದು, 45ರಿಂದ 60 ದಿನ. ಈ ಕಾಯುವಿಕೆಯಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಬಲೆ ಸಡಿಲವಾಗಿದೆಯೇ, ಏಡಿ ಬಿಲ ತೋಡಿದೆಯೇ, ಹುಣ್ಣಿಮೆಯ ಉಬ್ಬರ ಎಲ್ಲಿಯವರೆಗೆ ಬಂತು, ಇಷ್ಟೇ. ಕಾವು ಕೊಡುವುದು ಮರಳು. ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದೂ ಮರಳಿನ ಬಿಸಿಯೇ. 29-30 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ಜನವರಿಯ ಗೂಡು, ಮಾರ್ಚಿನ ಗೂಡು ಒಂದೇ ಅಲ್ಲ. ಬೇಸಿಗೆ ವರ್ಷದಿಂದ ವರ್ಷಕ್ಕೆ ಏರುತ್ತಿರುವ ಕಾಲದಲ್ಲಿ ಹುಟ್ಟುವ ಮರಿಗಳೆಲ್ಲ ಹೆಣ್ಣೇ ಆದರೆ ಏನು ಗತಿ ಎಂಬ ಚಿಂತೆ ಆಮೆಯ ಕೆಲಸದವರನ್ನು ಲೋಕದ ಎಲ್ಲೆಡೆ ಕಾಡುತ್ತಿದೆ. ಒಯ್ದ ಮೊಟ್ಟೆಗಳನ್ನು ಹೂಳುವ ಹ್ಯಾಚರಿಯ ಮೇಲೆ ನೆರಳುಪರದೆ ಕಟ್ಟುವುದು ಅದಕ್ಕೇ.

ಮರಿ ಹೊರಡುವ ಮೊದಲು ಗೂಡಿನ ಮೇಲಿನ ಮರಳು ಸ್ವಲ್ಪ ಕುಸಿಯುತ್ತದೆ. ಒಳಗೆ ಒಡೆದ ಮೊಟ್ಟೆಗಳ ಜಾಗ ತೆರವಾಗಿ, ಮರಿಗಳು ಒಂದರ ಮೇಲೊಂದು ಹತ್ತುತ್ತ ಒಟ್ಟಾಗಿ ಮೇಲೇರುತ್ತಿರುತ್ತವೆ. ಮರಳು ತಣಿದ ಮೇಲೆಯೇ, ಸಾಮಾನ್ಯವಾಗಿ ರಾತ್ರಿ, ಹೊರಬರುತ್ತವೆ. ಬಂದ ಮೇಲೆ ಅವು ನಂಬುವುದು ಬೆಳಕನ್ನು. ನೀರಿನ ಮೇಲಿನ ಆಕಾಶ ನೆಲದ ಕತ್ತಲೆಗಿಂತ ಬೆಳ್ಳಗಿರುತ್ತದೆ ಎಂಬ ಒಂದೇ ತಿಳಿವಳಿಕೆಯಿಂದ ಅವು ಸಮುದ್ರ ಸೇರುತ್ತ ಬಂದಿವೆ. ದಡದ ಮೇಲೆ ಬಿಳಿ ಎಲ್‌ಇಡಿ ದೀಪವೊಂದು ಉರಿಯುತ್ತಿದ್ದರೆ ಅವು ರಸ್ತೆಯ ಕಡೆಗೆ ತಿರುಗುತ್ತವೆ. ಬೆಳಗಾಗುವಾಗ ಕಾಗೆಗೆ, ಬಿಸಿಲಿಗೆ, ಗಾಲಿಗೆ ಸಿಗುತ್ತವೆ.

ಮರಿ ಬಿಡುವ ಸಂಜೆ ಎಂದು ಸುದ್ದಿಯಾದರೆ ಈಗ ಜನ ಮೊಬೈಲು ಹಿಡಿದು ನೆರೆಯುತ್ತಾರೆ. ಮಕ್ಕಳಿಗೆ ತೋರಿಸುವುದು ಒಳ್ಳೆಯದೇ. ಆದರೆ ಮರಿಗಳನ್ನು ಬುಟ್ಟಿಯಲ್ಲಿಟ್ಟು ಗಣ್ಯರು ಬರುವವರೆಗೆ ಕಾಯಿಸುವುದು ಕ್ರೌರ್ಯ ಎಂದೇ ನಾನು ಹೇಳುತ್ತೇನೆ. ಮೊಟ್ಟೆಯೊಳಗಿನ ಹಳದಿಯ ಉಳಿಕೆಯೇ ಅವುಗಳ ಮೊದಲ ದಿನಗಳ ಬುತ್ತಿ. ಬುಟ್ಟಿಯಲ್ಲಿ ಪರಚಾಡಿದಷ್ಟೂ ಅದು ಖರ್ಚಾಗುತ್ತದೆ. ಹೊರಬಂದ ಗಳಿಗೆಗೇ ಅವು ಮರಳಿನ ಮೇಲೆ ತಾವೇ ನಡೆದು ನೀರಿಗಿಳಿಯಬೇಕು.

ಮರಿಗಳು ಹೋದ ಮೇಲೆ ಗೂಡನ್ನು ಮತ್ತೆ ತೋಡುವುದು ಯಾರಿಗೂ ಬೇಡದ ಕೆಲಸ. ಕೊಳೆತ ಮೊಟ್ಟೆಯ ನಾತ ಕೈಗೆ ಅಂಟಿ ಸೋಪಿಗೂ ಬಿಡುವುದಿಲ್ಲ. ಒಡೆದ ತೊಗಟೆ ಎಷ್ಟು, ಒಡೆಯದ್ದು ಎಷ್ಟು, ಒಳಗೇ ಸತ್ತದ್ದು ಎಷ್ಟು ಎಂದು ಗುಡ್ಡೆ ಮಾಡಿ ಎಣಿಸಿ ಬರೆಯುತ್ತಾರೆ. ಆ ಲೆಕ್ಕವಿಲ್ಲದೆ ಮುಂದಿನ ವರ್ಷ ಗೂಡನ್ನು ಎಲ್ಲಿ ಬಿಡಬೇಕು, ಎಲ್ಲಿ ಒಯ್ಯಬೇಕು ಎಂಬುದು ಬರೀ ಊಹೆಯಾಗುತ್ತದೆ. ಸತ್ತು ದಡಕ್ಕೆ ಬಿದ್ದ ದೊಡ್ಡ ಆಮೆಗಳಿಗೂ ಟೇಪು ಹಿಡಿದು ಚಿಪ್ಪಿನ ಉದ್ದ ಅಳೆದು ಬರೆಯುತ್ತಾರೆ. ಮಳೆಗಾಲದಲ್ಲಿ ಅಂಥವು ಹೆಚ್ಚು. ಸಮುದ್ರದಲ್ಲಿ ಬಿಟ್ಟ ಹರಕು ಬಲೆ ಸುತ್ತಿಕೊಂಡು, ಮುಂಗಾಲು ಮೂಳೆಯವರೆಗೆ ಕೊಯ್ದುಹೋದ ಆಮೆಗಳು ಜೀವಂತವಾಗಿಯೂ ಬರುತ್ತವೆ. ಬಲೆ ಕತ್ತರಿಸುವುದಕ್ಕೆ ಸಣ್ಣ ಕತ್ತರಿ ಒಂದನ್ನು ಸ್ವಯಂಸೇವಕ ಹುಡುಗರು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಾರೆ.

ಮೊಟ್ಟೆ ಕಾಯಬಹುದು, ಮರಳು ಕಾಯುವುದು ಬೇರೆ ಮಾತು. ಕೇರಳದ ಪಯ್ಯೋಳಿಯ ಹತ್ತಿರ ಕೊಳಾವಿಪ್ಪಾಲಂ ಎಂಬ ಊರಿದೆ. ಅಲ್ಲಿನ ಮೀನುಗಾರ ಯುವಕರು 1992ರಲ್ಲಿ ‘ತೀರಂ’ ಎಂಬ ಸಂಘ ಕಟ್ಟಿಕೊಂಡು ಆಮೆ ಕಾಯಲು ನಿಂತರು. ಹ್ಯಾಚರಿ ಚೆನ್ನಾಗಿ ನಡೆಯಿತು, ದಡವೇ ಉಳಿಯಲಿಲ್ಲ. ಪಕ್ಕದ ಅಳಿವೆಯಿಂದ ಮರಳು ಎತ್ತಿದ್ದಕ್ಕೆ ಸಮುದ್ರ ತೀರವನ್ನು ಕೊರೆಯಿತು, ಗೂಡುಗಳು ಬೆರಳೆಣಿಕೆಗೆ ಇಳಿದವು. ಆಮೆ ಕಾಯಲು ಹೊರಟವರು ಮರಳು ಗಣಿಗಾರಿಕೆಯ ವಿರುದ್ಧ ಹೋರಾಡಬೇಕಾಯಿತು, ಕಾಂಡ್ಲಾ ಗಿಡ ನೆಡಬೇಕಾಯಿತು. ಕೋಡಿಯಿಂದ ಸ್ವಲ್ಪವೇ ಬಡಗಕ್ಕೆ ಮರವಂತೆಯಲ್ಲಿ ಸೌಪರ್ಣಿಕೆಗೂ ಸಮುದ್ರಕ್ಕೂ ನಡುವೆ ಸಿಕ್ಕ ಹೆದ್ದಾರಿ 66ನ್ನು ಉಳಿಸಲು ಕಲ್ಲು ಸುರಿದಿದ್ದಾರೆ. ರಸ್ತೆ ಉಳಿಯಬೇಕು, ನಿಜ. ಆದರೆ ಕಲ್ಲಿನ ಮೇಲೆ ಆಮೆ ಹತ್ತುವುದಿಲ್ಲ. ದಡಕ್ಕೆ ಮರಳು ಕೊಡುವುದು ಹೊಳೆ. ಹೊಳೆಯ ಮರಳನ್ನು ಅಣೆಕಟ್ಟಿನಲ್ಲಿ ತಡೆದು, ಉಳಿದದ್ದನ್ನು ಲಾರಿಗೆ ತುಂಬಿದರೆ ಸಮುದ್ರ ತನ್ನ ಪಾಲನ್ನು ದಡದಿಂದಲೇ ಕಿತ್ತುಕೊಳ್ಳುತ್ತದೆ. ಇವತ್ತು ನೀರಿಗಿಳಿದ ಹೆಣ್ಣುಮರಿ ಬದುಕಿ ಬೆಳೆದರೆ ಮೊಟ್ಟೆಗೆ ಬರುವುದು ಹದಿನೈದು ವರ್ಷಗಳ ಆಸುಪಾಸಿನಲ್ಲಿ, ಅದೂ ತಾನು ಹುಟ್ಟಿದ ಸೀಮೆಯ ದಡಕ್ಕೇ. ಆಗ ಇಲ್ಲಿ ಮರಳು ಇರುತ್ತದೆಯೇ ಎಂಬ ಪ್ರಶ್ನೆಯನ್ನು ಹ್ಯಾಚರಿಯ ಬಲೆಯೊಳಗೆ ನಿಂತು ಬಗೆಹರಿಸಲಾಗುವುದಿಲ್ಲ.

ಸದ್ಯಕ್ಕೆ ಇಲ್ಲಿನವರ ಮುಂದಿರುವುದು ದೀಪದ ವಿಷಯ. ದಡದ ದೀಪ ಆರಿಸಿ ಎಂದು ಸ್ವಯಂಸೇವಕರು ಕೇಳಿದಾಗ ಮೀನು ಒಣಗಿಸುವ ಹೆಂಗಸರು ಒಪ್ಪಲಿಲ್ಲ. ಅವರು ಕತ್ತಲಿರುವಾಗಲೇ ಬುಟ್ಟಿ ಹೊತ್ತು ಆ ದಾರಿಯಲ್ಲಿ ಹೋಗಬೇಕು, ಹಾವು ಹುಪ್ಪಟೆ, ಬೀದಿನಾಯಿ. "ಆಮೆಗೆ ಕತ್ತಲೆ ಬೇಕು, ನಮಗೆ ಬೇಡವಾ ಬೆಳಕು?" ಎಂದು ಒಬ್ಬರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಎರಡು ಮೂರು ಸಲ ಕೂತು ಮಾತಾಡಿದ ಮೇಲೆ ದಾರಿ ಸಿಕ್ಕಿತು. ದೀಪ ಆರಿಸುವುದು ಬೇಡ. ಕಂಬದ ಎತ್ತರದಿಂದ ಅದನ್ನು ಕೆಳಗಿಳಿಸಿ, ಸಮುದ್ರದ ಬದಿಗೆ ತಗಡಿನ ಮರೆ ಕಟ್ಟಿ, ಬಿಳಿಯ ಬದಲು ಹಳದಿ ಬಲ್ಬು ಹಾಕುವುದು. ಮೀನು ಒಣಗಿಸುವ ಅಂಗಳದ ಹತ್ತಿರದ ಕಂಬಕ್ಕೆ ಮರೆ ಬಿದ್ದಿದೆ, ಹೆಂಗಸರೇ ನಿಂತು ಬೆಳಕು ದಾರಿಗೆ ಬೀಳುತ್ತದೆಯೋ ಇಲ್ಲವೋ ನೋಡಿ ಸರಿಮಾಡಿಸಿಕೊಂಡರು. ತೆಂಕಣ ತುದಿಯ ಕಂಬಗಳಿಗೆ ಅರ್ಜಿ ಕೊಟ್ಟಾಗಿದೆ. ನವೆಂಬರಿಗೆ ಮೊದಲು ಅದೂ ಆಗಬೇಕೆಂದು ಆ ಹೆಂಗಸರಲ್ಲೇ ಇಬ್ಬರು ಅರ್ಜಿಯ ನಕಲು ಹಿಡಿದು ಕಚೇರಿಗೆ ಹೋಗಿಬರುತ್ತಿದ್ದಾರೆ.