ತುಕ್ಕು ಹಿಡಿದ ಬೋಲ್ಟು: ಬಲಕ್ಕಿಂತ ತಾಳ್ಮೆ ಲೇಸು

ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಟ್ರಾಕ್ಟರ್ ತಯಾರಿಕೆಗೂ ಇಳಿಯಿತು. ಆ ತಯಾರಿಕೆ ಈಗ ನಿಂತಿದೆ. ಹಳೆಯ ಟ್ರಾಕ್ಟರನ್ನು ಮತ್ತೆ ಓಡಿಸಬಯಸುವ ಯಲಹಂಕ, ಹೆಬ್ಬಾಳ ಭಾಗದ ರೈತರಿಗೆ ಒಂದು ಬೋಲ್ಟು ಒಳಗೇ ಮುರಿದರೂ ನಷ್ಟವೇ. ಎರಕದ ಭಾಗವೇ ಕೆಡಬಹುದು.

ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದುಗಳಲ್ಲಿ ತುಂಬಿಕೊಂಡ ಈ ತುಕ್ಕೇ ನಟ್ಟನ್ನು ಕಚ್ಚಿ ಹಿಡಿಯುವುದು.

ಬಿಚ್ಚುವ ಕ್ರಮ

1. ಹೊರಗಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

2. ತುಕ್ಕು ಸಡಿಲಿಸುವ ತೆಳು ಎಣ್ಣೆ, ಸಿಗದಿದ್ದರೆ ಡೀಸೆಲ್, ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಆಗಾಗ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ.

3. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ತುಸು ಬಿಗಿಯುವ ಕಡೆಗೂ ಆನಂತರ ಸಡಿಲಿಸುವ ಕಡೆಗೂ ತಿರುಗಿಸಿ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆಯಬೇಡಿ, ಬೋಲ್ಟು ತುಂಡಾದೀತು.

4. ಆದರೂ ಬಿಡದಿದ್ದರೆ, ಎಣ್ಣೆಯನ್ನು ಪೂರ್ತಿ ಒರೆಸಿ ನಟ್ಟನ್ನು ಮಾತ್ರ ಕಾಯಿಸಬೇಕು. ಅದು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಈ ಕೆಲಸವನ್ನು ಅನುಭವವುಳ್ಳ ವೆಲ್ಡಿಂಗ್ ಕೆಲಸಗಾರರಿಂದ ಮಾಡಿಸುವುದು ಕ್ಷೇಮ. ಡೀಸೆಲ್ ಟ್ಯಾಂಕು, ಬ್ಯಾಟರಿ, ಟೈರುಗಳ ಬಳಿ ಬೆಂಕಿ ಸರ್ವಥಾ ಕೂಡದು.

ಮರಳಿ ಜೋಡಿಸುವಾಗ, ಗಾಲಿ ಹಾಗೂ ಎಂಜಿನ್ನಿನ ಬೋಲ್ಟುಗಳನ್ನುಳಿದು, ಇತರ ಬೋಲ್ಟುಗಳ ಥ್ರೆಡ್ಡಿಗೆ ಗ್ರೀಸ್ ಸವರಿರಿ. ಮುಂದಿನ ಸಲ ಈ ಶ್ರಮ ತಪ್ಪುತ್ತದೆ.