ಕೆರೆಯ ಏರಿಯ ಮೇಲೆ ಗಣಿತ

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಪ್ರತಿವರ್ಷವೂ ಹೊಸ ತರಗತಿಗೆ ಒಂದು ಪ್ರಶ್ನೆಯನ್ನು ಹಾಕುವುದುಂಟು: “ಕಿಟಕಿಯಾಚೆ ಕಾಣುವ ಆ ಮರದ ಎತ್ತರವೆಷ್ಟು?” ಕೇಳಿದೊಡನೆ ತರಗತಿ ನಿಶ್ಶಬ್ದವಾಗುತ್ತದೆ. ತ್ರಿಕೋನಮಿತಿಯ ಸೂತ್ರಗಳನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಬಲ್ಲ ವಿದ್ಯಾರ್ಥಿಗಳು ಮರವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡುತ್ತಾರೆ. ಕೊನೆಗೆ ಯಾರಾದರೊಬ್ಬರು ಧೈರ್ಯಮಾಡಿ, “ಕೋನ ಕೊಟ್ಟಿಲ್ಲವಲ್ಲ, ಸಾರ್” ಎನ್ನುತ್ತಾರೆ.

ಈ ಉತ್ತರದಲ್ಲಿ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ಅವನು ಕಂಡ ಲೆಕ್ಕಗಳಲ್ಲೆಲ್ಲ ಕೋನವನ್ನು ಯಾರೋ ಮೊದಲೇ ಅಳೆದು ಕೊಟ್ಟಿರುತ್ತಾರೆ. ಉತ್ತರವೂ ಪುಸ್ತಕದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಅಂಕಿಗಳು ಎಲ್ಲಿಂದ ಬರುತ್ತವೆ, ಅವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಅವನ ಮುಂದೆ ಎಂದೂ ಬಂದುದಿಲ್ಲ. ಕಾಲೇಜಿಗೆ ಬರುವ ಹೊತ್ತಿಗೆ ಈ ಅಭ್ಯಾಸ ಬಲಿತುಹೋಗಿರುತ್ತದೆ. ಗಣಿತವೆಂದರೆ ಭಯಪಡುವವರಂತೂ ಕಾಲೇಜಿನ ಈ ಕಡೆಗೆ ಬರುವುದೇ ಇಲ್ಲ; ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವರು ತಮ್ಮ ದಾರಿಯನ್ನು ಬೇರೆ ಮಾಡಿಕೊಂಡಿರುತ್ತಾರೆ. ಆದಕಾರಣ ಏನಾದರೂ ಮಾಡುವುದಿದ್ದರೆ ಆ ವಯಸ್ಸಿನಲ್ಲಿಯೇ ಮಾಡಬೇಕೆಂದು ನಮಗೆ ತೋರಿತು. ಮಾರ್ಚ್ ತಿಂಗಳ ಒಂದು ಭಾನುವಾರ ನೆರೆಹೊರೆಯ ಎಂಟು ಒಂಬತ್ತನೆಯ ತರಗತಿಗಳ ಹನ್ನೆರಡು ಮಂದಿ ಬಾಲಕ ಬಾಲಿಕೆಯರನ್ನು ಕರೆದುಕೊಂಡು ಜಕ್ಕೂರು ಕೆರೆಯ ಏರಿಗೆ ಹೊರಟೆವು. ನಮ್ಮ ಬಳಿ ಇದ್ದ ಉಪಕರಣಗಳು ಒಂದು ಮೀಟರು ಉದ್ದದ ನಾಲ್ಕು ಬಿದಿರುಕೋಲುಗಳು, ಒಂದು ಹುರಿಯ ಉಂಡೆ, ಅಳತೆಪಟ್ಟಿ, ರಟ್ಟಿನ ಮೇಲೆ ಬರೆದ ದೊಡ್ಡ ಕೋನಮಾಪಕ ಮತ್ತು ಒಂದು ಚೀಲ ಕಡಲೆಪುರಿ. ಈ ಕಡೆಯ ವಸ್ತುವೂ ಒಂದು ಉಪಕರಣವೇ ಆಯಿತೆಂಬುದು ಮುಂದೆ ತಿಳಿದುಬರುವುದು.

ಮೊದಲನೆಯ ಕೆಲಸ ಮರದ ಎತ್ತರ. ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು ಬೀಳುತ್ತದೆ. ಪಕ್ಕದ ಅರಳಿಮರದ ನೆರಳೂ ಬೀಳುತ್ತದೆ. ಸೂರ್ಯನು ಬಹು ದೂರದಲ್ಲಿರುವುದರಿಂದ ಎರಡರ ಮೇಲೂ ಬೀಳುವ ಕಿರಣಗಳು ಒಂದೇ ಓರೆಯಲ್ಲಿ ಇಳಿಯುತ್ತವೆ. ಆದ್ದರಿಂದ ಕೋಲು ಮತ್ತು ಅದರ ನೆರಳು, ಮರ ಮತ್ತು ಅದರ ನೆರಳು, ಇವು ಒಂದೇ ಆಕಾರದ ಎರಡು ತ್ರಿಭುಜಗಳು. ಒಂದು ಚಿಕ್ಕದು, ಒಂದು ದೊಡ್ಡದು. ಕೋಲಿನ ನೆರಳು 80 ಸೆಂಟಿಮೀಟರು ಎಂದಾಯಿತು. ಮರದ ನೆರಳು 11.2 ಮೀಟರು. 11.2ನ್ನು 0.8ರಿಂದ ಭಾಗಿಸಿದರೆ 14. ಮರದ ಎತ್ತರ 14 ಮೀಟರು. ಮರವನ್ನು ಹತ್ತದೆ, ಮುಟ್ಟದೆ, ತ್ರಿಕೋನಮಿತಿಯ ಹೆಸರನ್ನೂ ಎತ್ತದೆ ಈ ಉತ್ತರ ದೊರೆಯಿತು.

ಆದರೆ ಇದು ಒಂದು ಗುಂಪಿನ ಉತ್ತರ ಮಾತ್ರ. ಎರಡನೆಯ ಗುಂಪಿನವರಿಗೆ 13 ಬಂದಿತು. ಮೂರನೆಯವರಿಗೆ ಸುಮಾರು 15. ನಾಲ್ಕನೆಯ ಗುಂಪಿಗೆ 12 ಬಂದು ಎಲ್ಲರೂ ನಕ್ಕರು. “ಸರಿಯಾದ ಉತ್ತರ ಯಾವುದು?” ಎಂದು ಮಕ್ಕಳು ನಮ್ಮನ್ನು ಸುತ್ತುಗಟ್ಟಿದರು. ನಮಗೂ ತಿಳಿಯದೆಂದು ಹೇಳಿದಾಗ ಅವರಿಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಪುಸ್ತಕದ ಹಿಂಬದಿಯಿಲ್ಲದ ಲೆಕ್ಕವನ್ನು ಅವರು ಕಂಡುದು ಅದೇ ಮೊದಲು.

ಕಾರಣಗಳನ್ನು ಒಂದೊಂದಾಗಿ ಹುಡುಕಿದೆವು. ಅರಳಿಮರ ತೆಂಗಿನಂತೆ ನೆಟ್ಟಗೆ ಬೆಳೆಯುವುದಿಲ್ಲ; ಕೊಂಬೆಗಳನ್ನು ಸುತ್ತಲೂ ಚಾಚುತ್ತದೆ. ನೆರಳಿನ ಅಂಚು ನೆತ್ತಿಯ ಕೊಂಬೆಯದೋ, ಪಕ್ಕಕ್ಕೆ ಚಾಚಿದ ಕೊಂಬೆಯದೋ ಎಂಬುದನ್ನು ನೋಡಿ ನಿಶ್ಚಯಿಸಬೇಕು. ನೆರಳನ್ನು ಕಾಂಡದ ನಡುವಿನಿಂದ ಅಳೆಯಬೇಕೇ ಹೊರತು ತೊಗಟೆಯಿಂದಲ್ಲ. ನೆಲವು ಇಳಿಜಾರಾಗಿದ್ದರೆ ನೆರಳು ನೀಳವಾಗುತ್ತದೆ. ಇವೆಲ್ಲ ಸರಿಯಾದರೂ ನೆರಳಿನ ಅಂಚು ಗೀಟೆಳೆದಂತೆ ಇರುವುದಿಲ್ಲ. ಸೂರ್ಯನು ಒಂದು ಚುಕ್ಕೆಯಲ್ಲ. ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುವ ಬಿಂಬ. ಈ ಮರದ ತುದಿಯ ನೆರಳಿನಲ್ಲಿ ಅದರಿಂದಾಗುವ ಮಸುಕು ನೆಲದ ಮೇಲೆ ಸುಮಾರು 20 ಸೆಂಟಿಮೀಟರು ಅಗಲವಿರುತ್ತದೆ. ಆ ಮಸುಕಿನ ಯಾವ ಕಡೆಗೆ ಬೆರಳಿಡಬೇಕೆಂಬುದರಲ್ಲಿ ಇಬ್ಬರು ಪ್ರಾಮಾಣಿಕರಿಗೂ ಭಿನ್ನಾಭಿಪ್ರಾಯ ಬರಬಹುದು.

ಇಷ್ಟಾದರೂ ನಾಲ್ಕನೆಯ ಗುಂಪಿನ 12ಕ್ಕೆ ಕಾರಣ ಸಿಕ್ಕಲಿಲ್ಲ. ಎರಡು ಮೀಟರಿನ ತಪ್ಪು ಮಸುಕಿನಿಂದ ಆಗುವಂಥದಲ್ಲ. ಆ ಗುಂಪಿನಲ್ಲಿ ಒಬ್ಬ ಹುಡುಗಿಯಿದ್ದಳು. ಲೆಕ್ಕ ತನಗೆ ಹತ್ತುವುದಿಲ್ಲವೆಂದು ಬರುವಾಗಲೇ ನಮಗೆ ತಿಳಿಸಿ, ಹುರಿಯನ್ನು ಸುತ್ತುವ ಕೆಲಸವನ್ನು ತಾನಾಗಿ ವಹಿಸಿಕೊಂಡವಳು. ಅವಳು ಮೆಲ್ಲನೆ, “ನಾವು ಕೋಲಿನ ನೆರಳನ್ನು ಅಳೆದದ್ದು ಕಡಲೆಪುರಿ ತಿನ್ನುವುದಕ್ಕೆ ಮುಂಚೆ, ಮರದ್ದು ತಿಂದ ಮೇಲೆ” ಎಂದಳು. ನಗುವುದಕ್ಕೆ ತೊಡಗಿದವರನ್ನು ಸುಮ್ಮನಿರಿಸಿ, ಕೋಲಿನ ನೆರಳಿಗೆ ಆಗ ಗುರುತು ಹಾಕಿದ್ದ ಬೆಣಚುಕಲ್ಲಿನ ಬಳಿಗೆ ಹೋಗಿ ನೋಡಿದೆವು. ಕಲ್ಲು ಇದ್ದಲ್ಲಿಯೇ ಇತ್ತು. ನೆರಳು ಅಲ್ಲಿಂದ ಸರಿದು ಗಿಡ್ಡವಾಗಿತ್ತು.

ಗುಂಪಿನ ಲೆಕ್ಕವನ್ನು ಬಿಡಿಸಿ ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ಹತ್ತು ಗಂಟೆ ದಾಟಿದ ಮೇಲೆ ಅವರು ಕೋಲಿನ ನೆರಳನ್ನು 80 ಸೆಂಟಿಮೀಟರು ಎಂದು ಬರೆದುಕೊಂಡಿದ್ದರು. ಇಪ್ಪತ್ತು ನಿಮಿಷಗಳ ಅನಂತರ ಮರದ ನೆರಳನ್ನು ಅಳೆದಾಗ ಅದು 9.6 ಮೀಟರಿಗೆ ಇಳಿದಿತ್ತು. 9.6ನ್ನು 0.8ರಿಂದ ಭಾಗಿಸಿದರೆ ಬರುವುದು 12. ಆದರೆ ಅದೇ ಹೊತ್ತಿನಲ್ಲಿ ಕೋಲಿನ ನೆರಳೂ ಸುಮಾರು 69 ಸೆಂಟಿಮೀಟರಿಗೆ ಇಳಿದಿರಬೇಕು, 0.69ರಿಂದ ಭಾಗಿಸಿದರೆ 13.9. ಮರ ಗಿಡ್ಡವಾಗಿರಲಿಲ್ಲ. ಮಕ್ಕಳು ಕಡಲೆಪುರಿ ತಿನ್ನುತ್ತಿದ್ದಷ್ಟರಲ್ಲಿ ಭೂಮಿ ತನ್ನ ಅಕ್ಷದ ಮೇಲೆ 5 ಡಿಗ್ರಿಯಷ್ಟು ತಿರುಗಿಬಿಟ್ಟಿತ್ತು. ಭೂಮಿ ತಿರುಗುತ್ತದೆಂಬ ಮಾತನ್ನು ಆ ಮಕ್ಕಳು ಎಷ್ಟು ಸಲ ಓದಿದ್ದರೋ. ಅದು ತಮ್ಮ ಲೆಕ್ಕವನ್ನು ಕೆಡಿಸಬಲ್ಲ ಸಂಗತಿಯೆಂದು ಅಂದೇ ತಿಳಿದುದು.

ಎರಡನೆಯ ಕೆಲಸ ಇದಕ್ಕಿಂತ ಕಠಿಣವಾದುದು. ಕೆರೆಯೊಳಗೆ ನೀರುಕಾಗೆಗಳು ಸಾಲಾಗಿ ಕುಳಿತು ರೆಕ್ಕೆ ಒಣಗಿಸುವ ಒಂದು ಮರ ದೂರದಲ್ಲಿ ಕಾಣುತ್ತದೆ. ಅಲ್ಲಿಗೆ ಹೋಗಲಾಗದು; ಅದರ ದೂರವೆಷ್ಟು? ಇದಕ್ಕೆ ಏರಿಯ ಮೇಲೆ ಎರಡು ಗೂಟಗಳನ್ನು ನೆಟ್ಟು, ಅವುಗಳ ನಡುವಣ ಅಂತರವನ್ನು ಹುರಿಯಿಂದ ಅಳೆಯಬೇಕು. ಇದು ಆಧಾರರೇಖೆ. ಅನಂತರ ಎರಡೂ ಗೂಟಗಳಲ್ಲಿ ನಿಂತು, ಆಧಾರರೇಖೆಗೂ ಮರದ ಕಡೆಯ ನೋಟಕ್ಕೂ ನಡುವಣ ಕೋನಗಳನ್ನು ಅಳೆಯಬೇಕು. ಒಂದು ಭುಜ, ಎರಡು ಕೋನ ತಿಳಿದರೆ ತ್ರಿಭುಜ ನಿಶ್ಚಿತವಾಯಿತು. ಹತ್ತು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಕಾಗದದ ಮೇಲೆ ಚಿತ್ರ ಬರೆದು ದೂರವನ್ನು ಅಳತೆಪಟ್ಟಿಯಿಂದಲೇ ಓದಬಹುದು.

ಇಲ್ಲಿಯೂ ತಪ್ಪೇ ಗುರುವಾಯಿತು. ಆಧಾರರೇಖೆ 100 ಮೀಟರು, ಒಂದು ಕೋನ 90 ಡಿಗ್ರಿ, ಇನ್ನೊಂದು 76 ಡಿಗ್ರಿ ಎಂದಿಟ್ಟುಕೊಳ್ಳೋಣ. ಆಗ ದೂರ 401 ಮೀಟರು. 76ಕ್ಕೆ ಬದಲಾಗಿ 77 ಎಂದು ಓದಿದರೆ ಅದು 433 ಆಗುತ್ತದೆ. 75 ಎಂದು ಓದಿದರೆ 373. ಒಂದು ಡಿಗ್ರಿ ತಪ್ಪಿದರೆ ಮೂವತ್ತು ಮೀಟರು ಹೋಯಿತು. ರಟ್ಟಿನ ಕೋನಮಾಪಕದಲ್ಲಿ ಒಂದು ಡಿಗ್ರಿ ತಪ್ಪುವುದು ಏನೂ ದೊಡ್ಡ ಮಾತಲ್ಲ. ಇದಕ್ಕೆ ಪರಿಹಾರವೇನೆಂದು ಕೇಳಿದಾಗ, ಗೂಟಗಳನ್ನು ಇನ್ನೂ ದೂರ ನೆಟ್ಟರಾಗದೆ ಎಂದು ಒಬ್ಬ ಹುಡುಗ ಸೂಚಿಸಿದನು. ಆಧಾರರೇಖೆಯನ್ನು 200 ಮೀಟರಿಗೆ ಹಿಗ್ಗಿಸಿದಾಗ ಅದೇ ಒಂದು ಡಿಗ್ರಿಯ ತಪ್ಪು ಸುಮಾರು 18 ಮೀಟರಿಗೆ ಇಳಿಯಿತು. ಆಧಾರರೇಖೆ ತೀರ ಚಿಕ್ಕದಾಗಿರಬಾರದೆಂಬ ಭೂಮಾಪನದ ಒಂದು ಮುಖ್ಯ ನಿಯಮವನ್ನು ಹದಿನಾಲ್ಕು ವರ್ಷದ ಹುಡುಗನು ತಾನಾಗಿ ಕಂಡುಕೊಂಡನು.

ಈ ಮಾತನ್ನು ಹೇಳುವುದಕ್ಕೆ ಉತ್ತರ ಬೆಂಗಳೂರಿಗಿಂತ ತಕ್ಕ ಸ್ಥಳವಿಲ್ಲ. 1800ನೆಯ ಇಸವಿಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ಸುಮಾರು 12 ಕಿಲೋಮೀಟರು ಉದ್ದದ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಅವನು ಆರಂಭಿಸಿದ ಕೆಲಸವೇ ಮುಂದೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಹಿಮಾಲಯದವರೆಗೂ ಬೆಳೆಯಿತು. 1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿ ಇಂದಿನ ಮೇಖ್ರಿ ವೃತ್ತದ ಬಳಿ. ಇನ್ನೊಂದು ತುದಿ ಈಶಾನ್ಯಕ್ಕೆ ಸುಮಾರು 11 ಕಿಲೋಮೀಟರು ದೂರದ ಕಣ್ಣೂರು ಗ್ರಾಮದ ಬಳಿ. ಹೆಬ್ಬಾಳದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಮೇಖ್ರಿ ವೃತ್ತದಲ್ಲಿ ಬೇಸರದಿಂದ ಕಾಯುವ ನಾವೆಲ್ಲರೂ ಭಾರತದ ಭೂಪಟದ ಒಂದು ಮೂಲೆಗಲ್ಲಿನ ಪಕ್ಕದಲ್ಲಿಯೇ ಕಾಯುತ್ತಿರುತ್ತೇವೆ.

ಆ ಭೂಮಾಪಕರಿಗೂ ನಮ್ಮ ಮಕ್ಕಳಿಗೆ ಬಂದ ಕಷ್ಟವೇ ಬಂದಿತ್ತು. ನಮ್ಮ ಹುರಿ ಎಳೆದಂತೆ ಹಿಗ್ಗುತ್ತಿತ್ತು. ಎರಡು ಸಲ ಅಳೆದರೆ ಎರಡು ಉತ್ತರ. ಲ್ಯಾಂಬ್ಟನ್ನನ 100 ಅಡಿಯ ಉಕ್ಕಿನ ಸರಪಳಿ ಬಿಸಿಲಿಗೆ ಹಿಗ್ಗುತ್ತಿತ್ತು. ಒಂದು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಉಕ್ಕು ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಬೆಳೆಯುತ್ತದೆ. ಬೆಳಗಿಗೂ ಮಧ್ಯಾಹ್ನಕ್ಕೂ 10 ಡಿಗ್ರಿ ವ್ಯತ್ಯಾಸವಾದರೆ 11 ಕಿಲೋಮೀಟರಿನಲ್ಲಿ 1.3 ಮೀಟರು ತಪ್ಪಾಗುತ್ತದೆ. ಆದ್ದರಿಂದ ಅವನು ಸರಪಳಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಜೊತೆಗೆ ಉಷ್ಣಮಾಪಕಗಳನ್ನಿಟ್ಟು ತಪ್ಪನ್ನು ಲೆಕ್ಕಹಾಕಿ ಕಳೆದನು. 1868ರ ಹೊತ್ತಿಗೆ ಕೋಲ್ಬಿಯ ಸರಳುಗಳು ಬಂದಿದ್ದುವು. ಕಬ್ಬಿಣಕ್ಕಿಂತ ಹಿತ್ತಾಳೆ ಹೆಚ್ಚಾಗಿ ಹಿಗ್ಗುತ್ತದೆ. ಈ ಎರಡು ಲೋಹಗಳ ಸರಳುಗಳನ್ನು ಜೋಡಿಸಿ, ಶಾಖ ಏರಿದರೂ ಇಳಿದರೂ ಎರಡು ಚುಕ್ಕೆಗಳ ಅಂತರ 10 ಅಡಿಯೇ ಇರುವಂತೆ ಅದನ್ನು ರಚಿಸಿದ್ದರು. ತಪ್ಪನ್ನು ಮುಚ್ಚಿಡದೆ ಅದರ ಕಾರಣವನ್ನು ಹುಡುಕಿದವರಿಗೆ ಮಾತ್ರ ಇಂಥ ಉಪಾಯ ಹೊಳೆಯುತ್ತದೆ.

ಈ ಪಾಠಗಳಲ್ಲಿ ಹಿರಿದಾದುದೊಂದು ಬೇಸಿಗೆಯ ರಜೆಗೆ ಕಾದಿದೆ. ಪ್ರತಿವರ್ಷ ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ಬಂದು, ಗಡಿಯಾರದ 12 ಗಂಟೆ 17 ನಿಮಿಷದ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಆಗಸ್ಟ್ 18ರ ಸುಮಾರಿಗೆ ಇದು ಮತ್ತೊಮ್ಮೆ ನಡೆಯುತ್ತದೆ. ಆದರೆ ಆಗ ಮೋಡದ ಕಾಟ. ಏಪ್ರಿಲಿನ ಆ ದಿನ ಯಲಹಂಕದ ಒಬ್ಬ ಹುಡುಗಿ ನೆರಳಿಲ್ಲದ ಕೋಲನ್ನು ನೋಡುತ್ತಿರುವಾಗ, ಹೊಸಪೇಟೆಯಲ್ಲಿರುವ ಅವಳ ಸೋದರಮಾವನ ಮಗನು ಅಲ್ಲಿಯ ನಡುಹಗಲಿನಲ್ಲಿ ಒಂದು ಮೀಟರು ಕೋಲಿನ ನೆರಳನ್ನು ಅಳೆಯಲಿ. ಅದು 4 ಸೆಂಟಿಮೀಟರಿಗೆ ತುಸು ಕಡಿಮೆಯಾಗಿ ಉತ್ತರಕ್ಕೆ ಬಿದ್ದಿರುತ್ತದೆ. ಆ ತ್ರಿಭುಜದ ಕೋನ ಸುಮಾರು 2.2 ಡಿಗ್ರಿ. ಭೂಪಟದಲ್ಲಿ ಎರಡೂ ಊರುಗಳ ದಕ್ಷಿಣೋತ್ತರ ಅಂತರ ಸುಮಾರು 240 ಕಿಲೋಮೀಟರು. 2.2 ಡಿಗ್ರಿಗೆ 240 ಆದರೆ 360 ಡಿಗ್ರಿಗೆ ಎಷ್ಟು? 39,000 ಕಿಲೋಮೀಟರಿಗೂ ಮಿಗಿಲು. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ಥೆನಿಸನು ಈಜಿಪ್ಟಿನಲ್ಲಿ ಅನುಸರಿಸಿದ ಮಾರ್ಗವಿದು. ಇಂದು ಇದಕ್ಕೆ ಬೇಕಾಗುವುದು ಎರಡು ಕೋಲು ಮತ್ತು ಒಂದು ದೂರವಾಣಿ ಕರೆ.

ಉಪಾಧ್ಯಾಯ ಮಿತ್ರರು ಆಕ್ಷೇಪಿಸಬಹುದು: ಪಾಠಪಟ್ಟಿ ಮುಗಿಯಬೇಕು, ಪರೀಕ್ಷೆ ಹತ್ತಿರ ಬಂದಿದೆ, ಕೆರೆಯ ಬಳಿ ಮಕ್ಕಳ ಹೊಣೆ ಯಾರದು? ಇವು ನ್ಯಾಯವಾದ ಮಾತುಗಳು. ನೀರಿನ ಅಂಚಿಗೆ ಮಕ್ಕಳು ಹೋಗದಂತೆ ಇಬ್ಬರಾದರೂ ದೊಡ್ಡವರು ಜೊತೆಗಿರಬೇಕು. ಸೂರ್ಯನನ್ನು ನೇರವಾಗಿ ನೋಡಕೂಡದೆಂದು ಮೊದಲೇ ಎಚ್ಚರಿಸಬೇಕು. ಕೆರೆಗೆ ಹೋಗಲಾಗದಿದ್ದರೆ ಶಾಲೆಯ ಅಂಗಳದ ಒಂದು ಹೊಂಗೆಮರ ಸಾಕು. ವರ್ಷಕ್ಕೆ ನಾಲ್ಕು ಬೆಳಗುಗಳನ್ನು ಕೊಟ್ಟರೂ, ಹತ್ತನೆಯ ತರಗತಿಯಲ್ಲಿ ಸಮರೂಪ ತ್ರಿಭುಜಗಳೂ ತ್ರಿಕೋನಮಿತಿಯೂ ಬಂದಾಗ ಆ ಕಾಲ ಬಡ್ಡಿಸಹಿತ ಹಿಂದಿರುಗುವುದೆಂದು ನಮ್ಮ ನಂಬಿಕೆ. ಎಲ್ಲ ಮಕ್ಕಳೂ ಇದರಿಂದ ಗಣಿತಜ್ಞರಾಗುವರೆಂದು ನಾವು ಹೇಳುತ್ತಿಲ್ಲ. ತರಗತಿಯಲ್ಲಿ ತಪ್ಪು ಉತ್ತರವೆಂದರೆ ಅವಮಾನ. ಏರಿಯ ಮೇಲೆ ಅದು ಒಂದು ಸುಳಿವು. ಈ ವ್ಯತ್ಯಾಸವನ್ನು ಒಮ್ಮೆ ಅನುಭವಿಸಿದ ಮಗು ತನಗೆ ಲೆಕ್ಕ ಬಾರದೆಂದು ಅಷ್ಟು ಸುಲಭವಾಗಿ ತೀರ್ಮಾನಿಸಲಾರದು.

ಅಂದು ಹಿಂದಿರುಗುವಾಗ ಹುರಿಯ ಉಂಡೆ ಬೇರೊಬ್ಬರ ಕೈಯಲ್ಲಿತ್ತು. ಅದನ್ನು ಹಿಡಿದು ಬಂದಿದ್ದ ಹುಡುಗಿ ಕೋನಮಾಪಕವನ್ನು ಕಂಕುಳಲ್ಲಿಟ್ಟುಕೊಂಡು, ತಮ್ಮ ಬೀದಿಯ ನೀರಿನ ತೊಟ್ಟಿಯ ಎತ್ತರವನ್ನು ಅಳೆಯಬೇಕೆಂದೂ ಅದನ್ನು ಒಂದು ವಾರ ತನ್ನ ಬಳಿಯೇ ಇಟ್ಟುಕೊಳ್ಳಬಹುದೇ ಎಂದೂ ಕೇಳಿದಳು. ಕೋನವನ್ನು ಯಾರೂ ಕೊಟ್ಟಿರಲಿಲ್ಲ. ಅದನ್ನು ತಾನೇ ತೆಗೆದುಕೊಳ್ಳಬಹುದೆಂಬುದು ಅವಳಿಗೆ ತಿಳಿದಿತ್ತು. ನಾವು ಕೋನಮಾಪಕವನ್ನು ಅವಳಿಗೇ ಕೊಟ್ಟು, ಮುಂದಿನ ಭಾನುವಾರಕ್ಕೆ ಹೊಸದೊಂದನ್ನು ಬರೆದುಕೊಂಡೆವು.