ಮೇಲಿನವರ ಕಾಟಕ್ಕೆ ಮೌನ ಮದ್ದಲ್ಲ

ನಮ್ಮ ದೇಶದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಕೆಲವು ವರ್ಷಗಳ ಹಿಂದೆ ಒಂದು ಪ್ರಯೋಗ ನಡೆಸಿತು. ಆ ವರ್ಷ ಸಂಬಳ ಏರಿದ್ದು ಕಾರ್ಮಿಕರು ಎಣಿಸಿದ್ದಕ್ಕಿಂತ ಕಡಿಮೆ. ಅದರ ಬೆನ್ನಲ್ಲೇ ಒಂದಷ್ಟು ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆಸಿಕೊಳ್ಳುತ್ತಾರೆ, ಒಟ್ಟಿನಲ್ಲಿ ತೃಪ್ತಿ ಇದೆಯೇ ಎಂದು ಹೆಸರು ಬರೆಸಿಕೊಳ್ಳದೆ ಕೇಳಿದರು. ಅದಕ್ಕಾಗಿ ಯಾರ ಸಂಬಳವೂ ಹೆಚ್ಚಲಿಲ್ಲ. ಆದರೂ ಮುಂದಿನ ತಿಂಗಳುಗಳಲ್ಲಿ, ಹೇಳಿಕೊಳ್ಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಇತ್ತು.

ಕಷ್ಟದ ಮೇಲಧಿಕಾರಿ, ಕಿರಿಕಿರಿಯ ಸಹೋದ್ಯೋಗಿ ಎಂದೊಡನೆ ನಮಗೆ ಸಿಗುವ ಬುದ್ಧಿಮಾತು ಒಂದೇ: ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಮನೆಯ ಬಾಡಿಗೆ, ಮಕ್ಕಳ ಫೀಸು, ಬ್ಯಾಂಕಿನ ಕಂತು ನೆನಪಾಗಿ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರನ್ನು ದೂರಲಾಗದು. ಆದರೆ ಕಾಟ ಕೊಡುವವರಷ್ಟೇ ಮನುಷ್ಯನನ್ನು ಕುಗ್ಗಿಸುವುದು, ಅದನ್ನು ಹೇಳಿಕೊಳ್ಳಲು ಎಲ್ಲಿಯೂ ಜಾಗವಿಲ್ಲ ಎಂಬ ಭಾವನೆ. ಆ ಜಾಗವನ್ನು ಹುಡುಕುವುದು, ಇಲ್ಲದಿದ್ದರೆ ಕಟ್ಟಿಕೊಳ್ಳುವುದೇ ಮೊದಲ ಕೆಲಸ.

ಬಿಗಿಯೋ, ದೌರ್ಜನ್ಯವೋ?

ಬಿಗಿಯಾಗಿರುವ ಎಲ್ಲ ಮೇಲಧಿಕಾರಿಗಳೂ ಕೆಟ್ಟವರಲ್ಲ. ತಪ್ಪನ್ನು ತಪ್ಪು ಎನ್ನುವ, ಸಮಯಕ್ಕೆ ಕೆಲಸ ಕೇಳುವ, ಎಲ್ಲರಿಗೂ ಒಂದೇ ಅಳತೆಗೋಲು ಇಡುವ ಅಧಿಕಾರಿಯಿಂದ ಕಲಿಯುವುದು ಬೇಕಾದಷ್ಟಿರುತ್ತದೆ. ಕೆಲಸ ಹಂಚಲು ಬಾರದೆ, ಮೇಲಿನಿಂದ ಬಂದ ಒತ್ತಡವನ್ನು ಹಾಗೆಯೇ ಕೆಳಗೆ ಇಳಿಸುವ ಇನ್ನೊಂದು ಬಗೆಯವರಿದ್ದಾರೆ. ಇವರೊಂದಿಗೆ ಮಾತು ನಡೆಯುತ್ತದೆ. ‘ಈ ಮೂರರಲ್ಲಿ ಇವತ್ತು ಯಾವುದು ಮೊದಲು ಆಗಬೇಕು ಸರ್?’ ಎಂಬ ನೇರ ಪ್ರಶ್ನೆ ಅವರ ಗೊಂದಲವನ್ನೂ ತಿಳಿಗೊಳಿಸಬಹುದು.

ಮೂರನೆಯ ಬಗೆ ಬೇರೆ. ಹೊಲಿಗೆ ಸಾಲಿನಲ್ಲಿ ಗಂಟೆಯ ಟಾರ್ಗೆಟ್ ತಪ್ಪಿತೆಂದು ಎರಡು ಮಕ್ಕಳ ತಾಯಿಯನ್ನು ಎಲ್ಲರೆದುರು ಏಕವಚನದಲ್ಲಿ ಬೈಯುವುದು, ಶೌಚಾಲಯಕ್ಕೆ ಹೋದದ್ದಕ್ಕೂ ಲೆಕ್ಕ ಕೇಳುವುದು, ಕೇಳಿದ ರಜೆ ಕೊಡದೆ ಸತಾಯಿಸುವುದು, ವಾರ್ಷಿಕ ವರದಿಯ ಹೆಸರು ಹೇಳಿ ಹೆದರಿಸುವುದು, ಒಬ್ಬರನ್ನೇ ಗುರಿ ಮಾಡಿಕೊಂಡು ನಡುರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಕೆಲಸ ಹೇರುವುದು. ಇದು ಬಿಗಿಯಲ್ಲ, ದೌರ್ಜನ್ಯ. ಇದನ್ನು ತಾಳ್ಮೆಯಿಂದ ಗೆಲ್ಲುತ್ತೇನೆ ಎಂದು ಕೂರಬಾರದು.

ದೇಹವೂ ಇದರ ಲೆಕ್ಕ ಇಡುತ್ತದೆ. ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಒಳಗೊಂಡು 1985ರಲ್ಲಿ ಆರಂಭವಾದ ‘ವೈಟ್‌ಹಾಲ್’ ಎರಡನೇ ಅಧ್ಯಯನವು, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗದ ಅಪಾಯ ಹೆಚ್ಚೆಂದು ಕಂಡುಕೊಂಡಿತು. ನಿದ್ದೆ ಕೆಟ್ಟರೆ, ಆಫೀಸಿನ ಗೇಟು ಕಂಡೊಡನೆ ಎದೆ ಹೊಡೆದುಕೊಂಡರೆ ಅದನ್ನು ನಿಮ್ಮ ದೌರ್ಬಲ್ಯ ಎಂದುಕೊಳ್ಳಬೇಡಿ.

ಬರೆದಿಟ್ಟದ್ದೇ ಬಲ

ದಿನಾಂಕ, ಹೊತ್ತು, ಜಾಗ, ಆಡಿದ ಮಾತು, ಎದುರಿಗಿದ್ದವರು. ಈ ಐದನ್ನೂ ಅಂದಂದೇ ಒಂದು ನೋಟುಪುಸ್ತಕದಲ್ಲಿ ಬರೆದು ಮನೆಯಲ್ಲಿಡಿ. ‘ಯಾವಾಗಲೂ ಬೈಯುತ್ತಾರೆ’ ಎಂಬ ದೂರು ಗಾಳಿಗೆ ಹೋಗುತ್ತದೆ. ತಾರೀಖಿನ ಸಮೇತ ಹೇಳಿದ ಹತ್ತು ಘಟನೆಗಳನ್ನು ತಳ್ಳಿಹಾಕುವುದು ಸುಲಭವಲ್ಲ. ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿ ಬಾಯಿಮಾತಿನಲ್ಲಿ ತಪ್ಪು ಕೆಲಸ ಹೇಳಿದರೆ, ಕಡತದಲ್ಲಿ ಟಿಪ್ಪಣಿ ಬರೆದು ಆದೇಶಕ್ಕೆ ಮಂಡಿಸಿ. ಖಾಸಗಿ ಕಂಪನಿಯಲ್ಲಿ ಮೀಟಿಂಗ್ ಮುಗಿದ ಮೇಲೆ ‘ಇಂದು ನಾವು ಮಾತಾಡಿಕೊಂಡಂತೆ’ ಎಂದು ನಾಲ್ಕು ಸಾಲಿನ ಮೇಲ್ ಕಳಿಸಿ. ಕಂಪನಿಯ ಗೋಪ್ಯ ದಾಖಲೆಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದೇ ನಿಮ್ಮ ಮೇಲಿನ ಆರೋಪವಾದೀತು.

ಸಹೋದ್ಯೋಗಿಗಳ ಕಾಟಕ್ಕೂ ಇದೇ ಮದ್ದು. ನಿಮ್ಮ ಕೆಲಸವನ್ನು ತನ್ನದೆಂದು ತೋರಿಸುವವರು, ಹೆಗಲು ಜಾರಿಸುವವರು, ಸಾಹೇಬರ ಕಿವಿ ಊದುವವರು ಎಲ್ಲ ಕಡೆಯೂ ಇದ್ದಾರೆ. ಯಾರ ಪಾಲಿಗೆ ಯಾವ ಕೆಲಸ ಎಂಬುದು ಎಲ್ಲರಿಗೂ ಕಾಣುವಂತೆ ಬರವಣಿಗೆಯಲ್ಲಿದ್ದರೆ ಇವರ ಆಟ ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧಕ್ಕೆ ಮುಖಾಮುಖಿ ಮಾತು ಬೇಕು. ಮೂರನೆಯವರ ಮೂಲಕ ಹೇಳಿಸುವುದಕ್ಕಿಂತ, ಒಬ್ಬರೇ ಇದ್ದಾಗ ‘ನೀವು ಹೀಗೆ ಮಾಡಿದ್ದು ನನಗೆ ಸರಿ ಕಾಣಲಿಲ್ಲ’ ಎನ್ನುವುದು ವಾಸಿ. ಚಾಡಿಗೆ ಚಾಡಿಯಿಂದ ಉತ್ತರ ಕೊಟ್ಟರೆ ನಿಮ್ಮ ಮಾತಿನ ಬೆಲೆಯೂ ಇಳಿಯುತ್ತದೆ.

ಕಾನೂನು ಕೊಟ್ಟ ಬಾಗಿಲುಗಳು

ಸುಪ್ರೀಂ ಕೋರ್ಟ್‌ನ 1997ರ ವಿಶಾಖಾ ತೀರ್ಪಿನ ಹಾದಿಯಲ್ಲಿ ಬಂದ 2013ರ ಕಾಯ್ದೆಯಂತೆ, 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಆಲಿಸಲು ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅದರ ಅಧ್ಯಕ್ಷೆ. ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಣ್ಣ ಅಂಗಡಿ, ಮನೆಗೆಲಸದ ಮಹಿಳೆಯರಿಗಾಗಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆಗಳಲ್ಲಿ ಕುಂದುಕೊರತೆ ಪರಿಹಾರ ಸಮಿತಿಯೂ ಇರಬೇಕು. ನಿಮ್ಮಲ್ಲಿ ಈ ಸಮಿತಿಗಳಲ್ಲಿ ಯಾರಿದ್ದಾರೆ ಎಂಬುದು ತೊಂದರೆ ಬರುವ ಮೊದಲೇ ಗೊತ್ತಿರಲಿ.

ಆದರೆ ಲೈಂಗಿಕವಲ್ಲದ ದಿನನಿತ್ಯದ ಅವಮಾನ, ಬೆದರಿಕೆಗಳಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಜಪಾನ್ 2020ರಿಂದ ದೊಡ್ಡ ಕಂಪನಿಗಳಿಗೆ ಅಧಿಕಾರದ ದುರ್ಬಳಕೆಯ ಕಿರುಕುಳ ತಡೆಯುವ ಹೊಣೆಯನ್ನು ಕಾನೂನಿನಲ್ಲೇ ಹೊರಿಸಿದೆ, 2022ರಲ್ಲಿ ಸಣ್ಣ ಕಂಪನಿಗಳಿಗೂ ವಿಸ್ತರಿಸಿದೆ. ನಮ್ಮ ಕಾರ್ಮಿಕರಿಗೂ ಅಂಥ ರಕ್ಷಣೆ ಬೇಕು.

ಅಲ್ಲಿಯವರೆಗೆ ಒಂಟಿಯಾಗಬೇಡಿ. ಒಬ್ಬರು ಎತ್ತಿದ ದೂರು ‘ಅವರ ಸ್ವಭಾವ’ ಎನಿಸಿಕೊಳ್ಳುತ್ತದೆ, ಐವರು ಸಹಿ ಹಾಕಿದ ಅರ್ಜಿಗೆ ಉತ್ತರ ಬರೆಯಬೇಕಾಗುತ್ತದೆ. ಸಂಘವಿದ್ದರೆ ಸೇರಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಲ್ಲ ಪ್ರಯತ್ನವೂ ಸೋತರೆ ಕೆಲಸ ಬದಲಿಸುವುದು ಸೋಲಲ್ಲ. ಸಾಧ್ಯವಾದರೆ ಮೂರ್ನಾಲ್ಕು ತಿಂಗಳ ಖರ್ಚು ಕೂಡಿಟ್ಟು, ಇನ್ನೊಂದು ಕೆಲಸ ಗಟ್ಟಿ ಮಾಡಿಕೊಂಡು ಹೊರಡಿ.

ಇಷ್ಟೆಲ್ಲ ಭಾರವನ್ನೂ ನೊಂದವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನಾಲ್ಕು ಜನರ ಮೇಲೆ ಅಧಿಕಾರ ಇರುವ ಯಾರೇ ಆಗಲಿ, ತಿಂಗಳಿಗೊಮ್ಮೆಯಾದರೂ ತಮ್ಮ ಕೈಕೆಳಗಿನವರನ್ನು ಕೂರಿಸಿಕೊಂಡು ಕೇಳಬೇಕು: ನಿಮಗೆ ಇಲ್ಲಿ ಏನು ಕಷ್ಟ? ನನ್ನಿಂದ ಏನು ಕಷ್ಟ? ಕೇಳಿದ ಮೇಲೆ, ಉತ್ತರಿಸಿದವರನ್ನು ದಂಡಿಸದಿರಬೇಕು. ಇದಕ್ಕೆ ಬಜೆಟ್ ಬೇಕಿಲ್ಲ, ಮೇಲಿನವರ ಅನುಮತಿಯೂ ಬೇಕಿಲ್ಲ. ನಾಳೆಯೇ ಆರಂಭಿಸಬಹುದು.